ಮೂವತ್ತೈದರ ಗೆರೆಯ ಯಾವ ಅಂಚು

ಮೊದಲ ಯತ್ನ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಟ್ಯಾಲ್ಬರ್ಟ್ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಆ ಕುರುಡನಿಂದ. ಆ ಕುರುಡ ಎಂದರೆ ವೆಂಡೆಲ್ ಏಮೋಸ್. ನವೆಂಬರಿನ ಮೂರನೇ ಶನಿವಾರ ನಮ್ಮ ಕಾಲೇಜಿಗೂ ಕಾರ್ವರ್ ಹಿಲ್ ಕಾಲೇಜಿಗೂ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಚೆಂಡು ಎಲ್ಲಿ ನಿಂತಿತು ಎಂದು ಹೇಳಬೇಕಾಗಿದ್ದ ರೆಫ್ರಿ. ನಾನೂ ಅವನಿಂದಲೇ ಶುರು ಮಾಡಿದ್ದೆ. ಮೊದಲ ಕರಡಿನ ಮೊದಲ ವಾಕ್ಯ ಹೀಗಿತ್ತು:

"ವೆಂಡೆಲ್ ಏಮೋಸನಿಗೆ ಎರಡು ಕಣ್ಣುಗಳಿದ್ದವು, ಎರಡೂ ಮಾರಾಟವಾಗಿದ್ದವು."

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನಿಸಿತ್ತು. ಬರೆದ ಖುಷಿಗೆ ಎದ್ದು ಹೋಗಿ ಒಂದು ಕಾಫಿ ಮಾಡಿಕೊಂಡೆ. ಕಾಫಿ ಆರುವ ಹೊತ್ತಿಗೂ ಅದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ. ಎರಡು ದಿನವಾದ ಮೇಲೆ ಗೊತ್ತಾಯಿತು, ಅದು ಅಪ್ಪಟ ಸುಳ್ಳು.

(ಆ ವಾಕ್ಯ ಹುಟ್ಟಿದ್ದು ಭಾನುವಾರ ಬೆಳಿಗ್ಗೆ. ಆ ಬೆಳಿಗ್ಗೆ ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ. ಮುಂದೆ ಹೋಗೋಣ.)

ಎರಡನೇ ಯತ್ನ

ಓದುಗರೇ, ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ ಒಬ್ಬರ ಮೇಲೊಬ್ಬರು ಬೀಳುವ ಫುಟ್‌ಬಾಲ್. ನಿಯಮಗಳೆಲ್ಲ ನಿಮಗೆ ಬೇಡ, ಒಂದು ಸಾಕು. ಚೆಂಡು ಸಿಕ್ಕ ತಂಡ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಆ ಹತ್ತು ಗಜವನ್ನು ಅಳೆಯಲು ಚಂದ್ರನ ಮೇಲೆ ಕಾಲಿಟ್ಟ ಈ ದೇಶ ಇವತ್ತಿಗೂ ಇಟ್ಟುಕೊಂಡಿರುವ ಸಾಧನ ಯಾವುದು ಗೊತ್ತೇ? ಎರಡು ಕೋಲು, ನಡುವೆ ಒಂದು ಸರಪಳಿ.

ಸರಪಳಿಯವರು ಕಾಲೇಜಿನ ಸಂಬಳದವರಲ್ಲ. ಊರಿನವರೇ. ಆ ಜಾಗಗಳು ಮಾವನಿಂದ ಅಳಿಯನಿಗೆ, ಅಣ್ಣನಿಂದ ತಮ್ಮನಿಗೆ ಬರುತ್ತವೆ, ಹೊರಗಿನವರಿಗೆ ಸಿಗುವುದಿಲ್ಲ. ಒಬ್ಬ ಹಿಂದಿನ ಕೋಲು ಹಿಡಿಯುತ್ತಾನೆ, ಒಬ್ಬ ಮುಂದಿನದು. ಇನ್ನೊಬ್ಬನ ಬಳಿ ಒಂದು ಕ್ಲಿಪ್ ಇರುತ್ತದೆ. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ ಇದೆ. ಸರಪಳಿ ಆ ಗೆರೆಯನ್ನು ಹಾಯುವ ಕಡೆ ಇವನು ಮಂಡಿಯೂರಿ ಕ್ಲಿಪ್ ಸಿಕ್ಕಿಸುತ್ತಾನೆ. ಅಳತೆಯ ಹೊತ್ತು ಬಂದಾಗ ಸರಪಳಿಯನ್ನು ಮೈದಾನದ ನಡುವಿಗೆ ಹೊತ್ತುಕೊಂಡು ಹೋಗಿ, ಅದೇ ಗೆರೆಯ ಮೇಲೆ ಕ್ಲಿಪ್ ಇಟ್ಟು, ಕೋಲನ್ನು ಎಳೆದು ನಿಲ್ಲಿಸುತ್ತಾರೆ. ಚೆಂಡಿನ ಮೂತಿ ಕೋಲನ್ನು ಮುಟ್ಟಿದರೆ ಹತ್ತು ಗಜ ಆಯಿತು.

ಗೆರೆಗೂ ಅಗಲವಿದೆ. ನಾಲ್ಕು ಅಂಗುಲ. ಕ್ಲಿಪ್ ಯಾವಾಗಲೂ ಗೆರೆಯ ಹಿಂದಿನ ಅಂಚಿಗೆ ಬೀಳಬೇಕು. ಹಿಂದೆ ಎಂದರೆ ಚೆಂಡು ಹಿಡಿದ ತಂಡದ ಬೆನ್ನ ಕಡೆ.

ಈ ನಾಲ್ಕು ಅಂಗುಲವನ್ನು ನೆನಪಿಟ್ಟುಕೊಳ್ಳಿ. ಕಥೆ ಇರುವುದೇ ಅಷ್ಟರಲ್ಲಿ.

ಮೂರನೇ ಯತ್ನ

ಡಾಯ್ಲ್ ಹಾರ್ಗೆಟ್ ಇಪ್ಪತ್ತೇಳು ವರ್ಷದಿಂದ ಕ್ಲಿಪ್ ಹಿಡಿದವನು. ಅದಕ್ಕೆ ಮುಂಚೆ ಮೂವತ್ತು ವರ್ಷ ಅವನ ಮಾವ ಹಿಡಿದಿದ್ದರು. ಡಾಯ್ಲ್ ನಿವೃತ್ತ ಸರ್ವೇಯರ್. ನಮ್ಮ ಜಿಲ್ಲೆಯ ಅರ್ಧ ಬೇಲಿಗಳು ನಿಂತಿರುವುದು ಅವನು ತೋರಿಸಿದ ಜಾಗದಲ್ಲೇ, ನನ್ನ ಅವನ ನಡುವಿನ ಬೇಲಿಯೂ ಸೇರಿ. ಇಪ್ಪತ್ತೆರಡು ವರ್ಷದಿಂದ ನಾನು ಅದರ ಈಚೆ ಇದ್ದೇನೆ. ಅವನು ಯಾರ ಮೇಲೂ ದನಿ ಎತ್ತಿದ್ದನ್ನು ನೋಡಿಲ್ಲ.

ದನಿ ಎತ್ತುವಂತೆಯೂ ಇಲ್ಲ. ಪ್ರತಿ ಪಂದ್ಯಕ್ಕೆ ಮುಂಚೆ ರೆಫ್ರಿಗಳು ಸರಪಳಿಯವರನ್ನು ಸಾಲಾಗಿ ನಿಲ್ಲಿಸಿ ಹೇಳುತ್ತಾರೆ: "ಮೈ ಮೇಲೆ ಈ ಅಂಗಿ ಇರೋ ತನಕ ನೀವು ಯಾರ ಕಡೆಯವರೂ ಅಲ್ಲ." ಮೈದಾನದಿಂದ ಎರಡು ಹೆಜ್ಜೆ ದೂರ. ಬೆನ್ನ ಹಿಂದೆ ಐವತ್ತು ಸಾವಿರ ಜನ ನಮ್ಮ ಹೇಸರಗತ್ತೆಗಳ (ಹೌದು, ತಂಡದ ಹೆಸರೇ ಅದು, ನನ್ನನ್ನು ಕೇಳಬೇಡಿ) ಹೆಸರು ಹಿಡಿದು ಕೂಗುತ್ತಿರುತ್ತಾರೆ. ಡಾಯ್ಲ್ ಮಾತ್ರ ಇಪ್ಪತ್ತೇಳು ವರ್ಷದಲ್ಲಿ ಒಂದೂ ಚಪ್ಪಾಳೆ ತಟ್ಟಿಲ್ಲ. ಮನೆಗೆ ಬಂದು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಒಬ್ಬನೇ ಕೂಗುತ್ತಾನೆ. ಅದು ಬೇಲಿಯಾಚೆ ಕೇಳಿಸುತ್ತದೆ ಎಂದು ನಾನು ಅವನಿಗೆ ಹೇಳಿಲ್ಲ.

ಈಗ ಆ ಶನಿವಾರ. ಮೂರು ನಿಮಿಷ ಉಳಿದಿದೆ. ನಾವು ಇಪ್ಪತ್ತು, ಅವರು ಹದಿನೇಳು. ಚೆಂಡು ನಮ್ಮದು. ನಮ್ಮ ಹುಡುಗ ಎಸೆದ, ಅವರ ಹುಡುಗ ಮಧ್ಯೆ ಹಾರಿ ಹಿಡಿದ. ಅಷ್ಟೇ, ಒಂದೇ ಕ್ಷಣದಲ್ಲಿ ಚೆಂಡು ಅವರದಾಯಿತು, ದಿಕ್ಕು ತಿರುವುಮುರುವಾಯಿತು. ಸರಪಳಿಯವರು ಓಡಿದರು. ಹಿಂದಿನ ಕೋಲು ಮೂವತ್ತಮೂರು ಗಜಕ್ಕೆ ನಿಂತಿತು. ಡಾಯ್ಲ್ ಮೂವತ್ತೈದರ ಗೆರೆಗೆ ಮಂಡಿಯೂರಿ ಕ್ಲಿಪ್ ಹಾಕಿದ.

ಮೂರು ಯತ್ನ ಆಯಿತು, ಹತ್ತು ಗಜ ಆಗಲಿಲ್ಲ. ನಾಲ್ಕನೆಯದರಲ್ಲಿ ಅವರು ಗುಂಪಾಗಿ ನುಗ್ಗಿದರು. ವೆಂಡೆಲ್ ಏಮೋಸ್ ಓಡಿಬಂದು, ಹದಿನಾರು ಮಂದಿಯ ರಾಶಿಯ ಅಡಿಯಿಂದ ಚೆಂಡು ತೆಗೆದು, ಇಲ್ಲಿ ಎಂದು ಇಟ್ಟ. ಅಳತೆ ಕರೆದರು. ಸರಪಳಿ ಬಂತು, ಕೋಲು ನಿಂತಿತು. ಚೆಂಡಿನ ಮೂತಿ ಕೋಲಿಗಿಂತ ಎರಡು ಬೆರಳು ಮುಂದಿತ್ತು.

ಅವರಿಗೆ ಮತ್ತೆ ನಾಲ್ಕು ಯತ್ನ ಸಿಕ್ಕಿತು. ಹನ್ನೊಂದು ಸೆಕೆಂಡು ಉಳಿದಿರುವಾಗ ಮೈದಾನದ ಕೊನೆಯ ಗೆರೆ ದಾಟಿ ಏಳು ಅಂಕ ಗಳಿಸಿದರು. ಇಪ್ಪತ್ನಾಲ್ಕು, ಇಪ್ಪತ್ತು.

ಅಲ್ಲಿಗೆ ನಮ್ಮ ಊರಿಗೆ ಹುಚ್ಚು ಹಿಡಿಯಿತು.

ನಾಲ್ಕನೇ ಯತ್ನ (ಇದರಲ್ಲಿ ಊಟವಿದೆ)

ಭಾನುವಾರ ಚರ್ಚು ಮುಗಿಸಿ ಡಾಯ್ಲ್ ಮನೆಯಲ್ಲಿ ಊಟ. ಹೆಂಡತಿ ನಡೀನ್, ಅವಳ ತಮ್ಮ ಕೋಯ್. ಈ ಕೋಯ್ ತನ್ನ ಪಿಕಪ್ಪಿನ ಹಾರ್ನಿಗೂ ಕಾಲೇಜಿನ ಹಾಡನ್ನೇ ಹಾಕಿಸಿಕೊಂಡಿರುವ ಮನುಷ್ಯ. ಹುರಿದ ಕೋಳಿಯ ಕಾಲು ಕೈಯಲ್ಲಿದ್ದರೂ ಅವನ ಬಾಯಿ ಬಿಡುವಾಗಿಯೇ ಇತ್ತು.

"ಭಾವ, ನೀನು ಅಲ್ಲೇ ನಿಂತಿದ್ದೆ. ನೀನೇ ಹೇಳು. ಚೆಂಡನ್ನ ಒಂದು ಗೇಣು ಮುಂದಕ್ಕಿಟ್ನೋ ಇಲ್ವೋ ಅವನು?"

"ನಾನು ಕ್ಲಿಪ್ ನೋಡ್ತಿದ್ದೆ ಕೋಯ್."

"ಕ್ಲಿಪ್ ನೋಡ್ತಿದ್ನಂತೆ. ಊರಿಗೆಲ್ಲ ಕಂಡಿದ್ದು ನಿನಗೊಬ್ಬನಿಗೆ ಕಾಣ್ಲಿಲ್ವಾ? ಹಂಗಾದ್ರೆ ನಿನಗೂ ಒಂದು ಎತ್ತಿಡ್ತೀನಿ, ತಾಳು."

ಎತ್ತಿಡುತ್ತೇನೆ ಎಂದದ್ದು ಕನ್ನಡಕವನ್ನು. ಕೋಯ್ ಚರ್ಚಿನ ಬಾಗಿಲ ಬಳಿ ಇದ್ದ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಬಂದಿದ್ದ. ವರ್ಷವಿಡೀ ಜನ ಹಳೆಯ ಕನ್ನಡಕಗಳನ್ನು ತಂದು ಹಾಕುವ ಪೆಟ್ಟಿಗೆ ಅದು. ಇಡೀ ಪೆಟ್ಟಿಗೆಯನ್ನು ಜಾರ್ಜಿಯಾ ರಾಜ್ಯದಲ್ಲಿ ವೆಂಡೆಲ್ ಪಾಠ ಮಾಡುವ ಹೈಸ್ಕೂಲಿಗೆ ಪೋಸ್ಟ್ ಮಾಡುವುದು ಅವನ ಯೋಜನೆ.

"ಅದು ಕಣ್ಣು ಕಾಣದ ಬಡವರಿಗೆ ಅಂತ ಕೊಟ್ಟಿರೋದು ಕಣೋ," ಎಂದಳು ನಡೀನ್.

"ಅವನಿಗಿಂತ ಕಣ್ಣು ಕಾಣದ ಬಡವ ಎಲ್ಲಿ ಸಿಗ್ತಾನೆ ಅಕ್ಕ?"

ಕೋಯ್ ತನ್ನ ಮಾತಿಗೆ ತಾನೇ ನಕ್ಕ. ಡಾಯ್ಲ್ ತಟ್ಟೆ ನೋಡುತ್ತ ಕೂತಿದ್ದ.

(ನಗಬೇಡಿ. ನಾನೂ ಮೊದಲು ನಕ್ಕೆ, ಆಮೇಲೆ ಮೈ ಉರಿಯಿತು. ಈ ರೆಫ್ರಿಗಳು ಶನಿವಾರ ಒಂದು ದಿನ ಪಟ್ಟೆ ಅಂಗಿ ಹಾಕುವವರು. ಉಳಿದ ದಿನ ವೆಂಡೆಲ್ ಮಕ್ಕಳಿಗೆ ಬೀಜಗಣಿತ ಹೇಳಿಕೊಡುವ ಮೇಷ್ಟ್ರು. ಭಾನುವಾರ ಬೆಳಿಗ್ಗೆ ನಮ್ಮ ರೇಡಿಯೋದವನು ಶಾಲೆಯಲ್ಲಿರುವ ಅವನ ಫೋನಿನ ನಂಬರನ್ನು ಎರಡು ಸಲ ಓದಿದ, ಬರೆದುಕೊಳ್ಳುವವರಿಗೆ ಅನುಕೂಲವಾಗಲಿ ಎಂದು ನಿಧಾನವಾಗಿ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಶಾಲೆಯವರು ವೆಂಡೆಲ್‌ಗೆ ಮನೆಯಲ್ಲೇ ಇರು ಎಂದರು, ಗುರುವಾರ ಮಂಡಳಿ ಕೂತು ಅವನ ಕೆಲಸದ ವಿಚಾರ ತೀರ್ಮಾನಿಸುತ್ತದೆ ಎಂದರು. ಹದಿನೆಂಟು ವರ್ಷದ ಮೇಷ್ಟ್ರಗಿರಿ. ಎರಡು ಬೆರಳಿಗೆ. ನಾಚಿಕೆಯಾಗಬೇಕು ನಮಗೆ.)

ಐದನೇ ಯತ್ನ

ನಿಯಮದ ಪ್ರಕಾರ ಐದನೆಯದು ಇಲ್ಲ. ಇರಲಿ, ಇಲ್ಲಿ ರೆಫ್ರಿ ನಾನೇ.

ಸೋಮವಾರ ಬೆಳಿಗ್ಗೆ ನಡೀನ್ ಬಟ್ಟೆ ಒಗೆಯಲು ಹಾಕುವಾಗ ಡಾಯ್ಲ್‌ನ ಪ್ಯಾಂಟನ್ನು ಕೈಯಲ್ಲಿ ಹಿಡಿದು ನಿಂತಳು. ಬಲ ಮಂಡಿಯ ಮೇಲೆ ಬಿಳಿ ಬಣ್ಣ ಮೆತ್ತಿತ್ತು.

"ಡಾಯ್ಲ್. ಇದೇನಿದು?"

"ಗೆರೆ ಬಣ್ಣ. ಹೋಗುತ್ತೆ ಬಿಡು."

"ಹೋಗುತ್ತೋ ಬಿಡುತ್ತೋ ಅಲ್ಲ ನಾನು ಕೇಳಿದ್ದು. ಅಪ್ಪನ ಪ್ಯಾಂಟ್ ಮೂವತ್ತು ವರ್ಷ ಅಮ್ಮ ಒಗೆದ್ಲು, ನಿನ್ನದು ಇಪ್ಪತ್ತೇಳು ವರ್ಷ ನಾನು ಒಗೆದಿದ್ದೀನಿ. ಹುಲ್ಲಿನ ಕಲೆ ಇರುತ್ತೆ, ಮಣ್ಣಿರುತ್ತೆ. ಬಣ್ಣ ಒಂದು ದಿನಾನೂ ಇರ್ಲಿಲ್ಲ. ಗೆರೆ ಹಿಂದೆ ಕೂತು ಹಿಂದಿನ ಅಂಚಿಗೆ ಹಾಕೋನ ಮಂಡಿ ಗೆರೆ ಮೇಲೆ ಯಾಕೆ ಬರುತ್ತೆ?"

ಡಾಯ್ಲ್ ಪ್ಯಾಂಟಿಗೆ ಕೈ ಚಾಚಿದ, ಅವಳು ಕೊಡಲಿಲ್ಲ.

"ಮಂಡಿ ಗೆರೆ ಮೇಲಿದ್ರೆ ಹಿಂದಿನ ಅಂಚು ಮಂಡಿ ಕೆಳಗೇ ಹೋಯ್ತಲ್ಲ," ಎಂದಳು ನಡೀನ್, ಮೆಲ್ಲಗೆ. "ಹಾಗಾದ್ರೆ ಕ್ಲಿಪ್ ಎಲ್ಲಿ ಹಾಕಿದೆ?"

ಅವನು ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕೂತ. ಶನಿವಾರದಿಂದ ಅವನಿಗೆ ಗೊತ್ತಿತ್ತು. ಅಳತೆ ಮುಗಿಸಿ ಸರಪಳಿ ಹೊತ್ತುಕೊಂಡು ಬರುವಾಗ ಗೆರೆಯ ಮೇಲೆ ಒತ್ತಿದ್ದ ತನ್ನದೇ ಮಂಡಿಯ ಗುರುತು ಅವನ ಕಣ್ಣಿಗೆ ಬಿದ್ದಿತ್ತು. ಚೆಂಡು ಅವರ ಕೈಗೆ ಹೋಗಿದ್ದು ಕಣ್ಣಿಗೆ ಕಂಡಿತ್ತು, ಮನಸ್ಸಿಗೆ ಕಂಡಿರಲಿಲ್ಲ. ಅವನ ಮನಸ್ಸಿನಲ್ಲಿ ಇನ್ನೂ ನಮ್ಮ ಹುಡುಗರೇ ಮುಂದಕ್ಕೆ ಹೋಗುತ್ತಿದ್ದರು. ನಮ್ಮವರಿಗೆ ಯಾವುದು ಹಿಂದಿನ ಅಂಚೋ ಅದಕ್ಕೆ ಅವನ ಕೈ ಕ್ಲಿಪ್ ಹಾಕಿತ್ತು. ಅವರಿಗೆ ಅದು ಮುಂದಿನ ಅಂಚು. ಆಮೇಲೆ ಮೈದಾನದ ನಡುವೆ ನಿಯಮದಂತೆ ಕ್ಲಿಪ್ಪನ್ನು ಅವರ ಹಿಂದಿನ ಅಂಚಿಗೇ ಇಟ್ಟು ಎಳೆದರು. ಸರಪಳಿ ಪೂರ್ತಿ ನಾಲ್ಕು ಅಂಗುಲ ಹಿಂದಕ್ಕೆ ಸರಿಯಿತು. ಅವರಿಗೆ ಬೇಕಾಗಿದ್ದು ಎರಡೂವರೆ.

ಇಪ್ಪತ್ತೇಳು ವರ್ಷ ಯಾರ ಕಡೆಯವನೂ ಅಲ್ಲದೆ ನಿಂತವನು ಒಂದು ಕ್ಷಣ ನಮ್ಮ ಕಡೆಯವನಾದ. ಅದಕ್ಕೇ ನಾವು ಸೋತೆವು.

ನಮಗೆ ಅನ್ಯಾಯವಾಗಿದೆ ಎಂದು ಊರು ಕೂಗುತ್ತಿರುವುದು ನಿಜವೇ. ಯಾರಿಂದ ಎಂಬುದೊಂದು ಬಿಟ್ಟು. ವೆಂಡೆಲ್ ಏಮೋಸ್ ಚೆಂಡನ್ನು ಕೂದಲೆಳೆಯಷ್ಟೂ ಆಚೀಚೆ ಮಾಡದೆ ಇರಬೇಕಾದ ಜಾಗದಲ್ಲೇ ಇಟ್ಟಿದ್ದ. ಹನ್ನೆರಡು ಕ್ಯಾಮೆರಾಗಳು ಆ ಚೆಂಡನ್ನು ಹನ್ನೆರಡು ದಿಕ್ಕಿನಿಂದ ನೋಡಿದವು. ಕ್ಲಿಪ್ಪಿನ ಮೇಲೆ ಒಂದೂ ಇರಲಿಲ್ಲ.

ಬೇಲಿಯ ಬಳಿ

ಮಂಗಳವಾರ ಡಾಯ್ಲ್ ಬೇಲಿಯ ಹತ್ತಿರ ಬಂದು ನಿಂತ. ಅವನಿಗೆ ನಾನು ಇದನ್ನೆಲ್ಲ ಬರೆಯುತ್ತಿರುವುದು ಗೊತ್ತು. ಪಾತ್ರಗಳಿಗೆ ಗೊತ್ತಾಗಬಾರದು ಎನ್ನುತ್ತಾರೆ, ಆದರೆ ಒಂದೇ ಬೇಲಿ ಇಟ್ಟುಕೊಂಡು ಎಷ್ಟು ದಿನ ಮುಚ್ಚಿಡುವುದು?

"ರೈಟರ್ ಸಾಹೇಬ್ರೇ, ಒಂದು ಮಾತು. ಮುಂದಿನ ಅಂಚು ಅಂತ ಬರೆದಿದ್ದೀರಲ್ಲ."

"ಹೌದು."

"ಹಿಂದಿನ ಅಂಚು ಅಂತ ಮಾಡಿಬಿಡಿ. ಒಂದು ಪದ. ನಿಮಗೇನು ಕಷ್ಟ?"

"ಹಾಗೆ ಮಾಡಿದರೆ ವೆಂಡೆಲ್ ತಪ್ಪು ಮಾಡಿದ ಹಾಗಾಗುತ್ತೆ ಡಾಯ್ಲ್."

"ಅವನನ್ನು ಹೇಗಿದ್ರೂ ಬೈದಾಗಿದೆ. ಇನ್ನೊಂದು ಬೈಗುಳಕ್ಕೆ ಹೊಸದಾಗಿ ನೋವಾಗುತ್ತಾ?" ಹೇಳಿದವನಿಗೆ ತನ್ನ ಮಾತೇ ಹಿಡಿಸಲಿಲ್ಲ. ಬೇಲಿಯ ಗೂಟವನ್ನು ಉಗುರಿನಿಂದ ಕೆರೆಯುತ್ತ ನಿಂತ.

"ನೀವು ಹೇಳಿಬಿಡಬಹುದಲ್ಲ," ಎಂದೆ ನಾನು.

"ಹೇಳಿದೆ ಸ್ವಾಮಿ. ಬೆಳಿಗ್ಗೆ ಕಾಲೇಜಿಗೇ ಹೋಗಿದ್ದೆ. ಕ್ರೀಡಾ ವಿಭಾಗದ ಸಾಹೇಬರು ಎದ್ದು ಹೋಗಿ ಬಾಗಿಲು ಹಾಕ್ಕೊಂಡು ಬಂದ್ರು. ಏನಂದ್ರು ಗೊತ್ತಾ? 'ಹಾರ್ಗೆಟ್ ಅವರೇ, ಊರಿನ ಸಿಟ್ಟು ಈಗ ಜಾರ್ಜಿಯಾ ಕಡೆ ಹೋಗ್ತಿದೆ. ಅದನ್ನ ವಾಪಸ್ ಮನೆಗೆ ಯಾಕೆ ಕರೀತೀರಿ?' ಕಾಫಿ ಬೇರೆ ಕೊಟ್ರು."

ಆ ಸಾಹೇಬರ ಹೆಸರನ್ನು ಕಥೆಯಲ್ಲಿ ಹಾಕೋಣ ಎಂದುಕೊಂಡಿದ್ದೆ. ಹಾಕುವುದಿಲ್ಲ. ಹೆಸರಿಟ್ಟು ಕರೆಯುವಷ್ಟು ಮರ್ಯಾದೆ ಅವರಿಗೆ ಬೇಡ.

ತಿದ್ದಿದ ಕರಡು

ಡಾಯ್ಲ್ ಅತ್ತ ಹೋದ ಮೇಲೆ ನಾನು ಪದ ಬದಲಾಯಿಸಿದೆ. ಸುಳ್ಳು ಯಾಕೆ ಹೇಳಲಿ, ಬದಲಾಯಿಸಿದೆ. "ಡಾಯ್ಲ್ ಮೂವತ್ತೈದರ ಗೆರೆಯ ಹಿಂದಿನ ಅಂಚಿಗೆ ಕ್ಲಿಪ್ ಹಾಕಿದ." ಎಷ್ಟು ಸಲೀಸು. ಆ ಕರಡಿನಲ್ಲಿ ಡಾಯ್ಲ್ ನಿದ್ದೆ ಮಾಡಿದ. ಕೋಯ್ ಹೇಳಿದ್ದೇ ಸರಿಯಾಯಿತು, ಕನ್ನಡಕಗಳು ಹೋಗಬೇಕಾದ ಕಡೆಗೇ ಹೋದವು. ಮೊದಲ ಕರಡಿನ ನನ್ನ ಮೊದಲ ವಾಕ್ಯಕ್ಕೂ ಮರುಜೀವ ಬಂತು. ಭಾನುವಾರ ಬೆಳಿಗ್ಗೆ ನಾನು ಮಾಡಿದ ಆ ಇನ್ನೊಂದು ಕೆಲಸವೂ ನ್ಯಾಯವಾಗಿಯೇ ಕಾಣತೊಡಗಿತು. ಈ ಕರಡು ನನಗೆ ಎಷ್ಟು ಹಿತವಾಗಿತ್ತು ಎಂದರೆ, ಅದರಿಂದಲೇ ಅನುಮಾನ ಬರಬೇಕಿತ್ತು.

ನಡೀನ್ ಬಂದಳು. ಬೇಲಿಯ ಬಳಿ ಅಲ್ಲ, ನೇರ ನನ್ನ ಬರೆಯುವ ಮೇಜಿನ ಮುಂದೆ. ಪ್ಯಾಂಟನ್ನು ಹಾಳೆಗಳ ಮೇಲೆ ಹಾಕಿದಳು.

"ಎರಡು ಸಲ ಒಗೆದೆ. ನೋಡಿ, ಹಾಗೇ ಇದೆ. ನೀವು ಪದ ಬದಲಾಯ್ಸಿದ್ರೆ ಬಣ್ಣ ಹೋಗುತ್ತಾ?"

"ನಿಮ್ಮ ಗಂಡನಿಗೆ ಸಹಾಯ ಆಗಲಿ ಅಂತ..."

"ನನ್ನ ಗಂಡ ಮೂರು ದಿನದಿಂದ ಉಣ್ತಾ ಇಲ್ಲ. ಹಸಿವು ನಿಮ್ಮ ಪದದಿಂದ ಬರಲ್ಲ, ಅವನ ಬಾಯಿಂದ ಬರಬೇಕಾದ ಮಾತು ಬಂದ್ರೆ ಬರುತ್ತೆ. ಅಪ್ಪ ಹಿಡಿದ ಕ್ಲಿಪ್ ಅದು. ತಪ್ಪು ಮಾಡೋದಕ್ಕೆ ಅವನಿಗೆ ಹಕ್ಕಿದೆ. ತಪ್ಪನ್ನ ಒರೆಸೋದಕ್ಕೆ ನಿಮಗೆ ಯಾರು ಹಕ್ಕು ಕೊಟ್ರು?"

ಪದವನ್ನು ಮೊದಲಿನಂತೆಯೇ ಮಾಡಿದೆ. ಅವಳು ಪ್ಯಾಂಟು ಮಡಿಸಿಕೊಂಡು ಹೋದಳು.

ಮೂರು ಮುಕ್ತಾಯಗಳು, ಬೇಕಾದವರು ಬೇಕಾದ್ದನ್ನು ತೆಗೆದುಕೊಳ್ಳಬಹುದು

ಪಂದ್ಯದಲ್ಲಿ ಅನುಮಾನ ಬಂದಾಗ ಕ್ಯಾಮೆರಾ ಹಿಡಿದದ್ದನ್ನು ಮತ್ತೆ ಹಾಕಿ ನೋಡುವ ರಿಪ್ಲೇ ಕೋಣೆಯಿಂದ ಬರುವ ತೀರ್ಪುಗಳು ಮೂರೇ ಬಗೆ.

ತೀರ್ಪು ಖಾತ್ರಿಯಾಗಿದೆ: ಡಾಯ್ಲ್ ಸುಮ್ಮನಿರುತ್ತಾನೆ. ವೆಂಡೆಲ್ ಕೆಲಸ ಕಳೆದುಕೊಳ್ಳುತ್ತಾನೆ. ಮುಂದಿನ ವರ್ಷ ಡಾಯ್ಲ್ ಅಂಗಿ ತೊಟ್ಟು ಮತ್ತೆ ಮಂಡಿಯೂರುತ್ತಾನೆ, ಊರು ಅವನ ಬೆನ್ನು ತಟ್ಟುತ್ತದೆ. (ಇಂಥದ್ದು ದಿನಾ ನಡೆಯುತ್ತದೆ. ಅದಕ್ಕೇ ಇದನ್ನು ಬರೆಯಲು ನನಗೆ ಅಸಹ್ಯ.)

ತೀರ್ಪು ರದ್ದಾಗಿದೆ: ಡಾಯ್ಲ್ ಚರ್ಚಿನಲ್ಲಿ ಎದ್ದು ನಿಂತು ಹೇಳುತ್ತಾನೆ. ಕೋಯ್ ಅಳುತ್ತಾನೆ. ಊರು ಕ್ಷಮೆ ಕೇಳುತ್ತದೆ. (ಐವತ್ತು ಸಾವಿರ ಜನ ಒಟ್ಟಿಗೆ ಕ್ಷಮೆ ಕೇಳಿದ್ದನ್ನು ನೀವು ಎಲ್ಲಾದರೂ ಕಂಡಿದ್ದರೆ ತಿಳಿಸಿ, ಇದನ್ನೇ ಇಟ್ಟುಕೊಳ್ಳುತ್ತೇನೆ.)

ಸಾಕ್ಷ್ಯ ಸಾಲದ್ದರಿಂದ ತೀರ್ಪು ಹಾಗೇ ಉಳಿಯುತ್ತದೆ: ಇದು ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಎರಡೂ ಕಡೆಯಲ್ಲಿ ಸತ್ಯವಿದೆ ಎಂದು ಒಂದು ಗಂಭೀರ ವಾಕ್ಯ ಬರೆದು ಜಾರಿಕೊಳ್ಳುವುದು.

ಮೂರನ್ನೂ ಡಾಯ್ಲ್‌ಗೆ ಓದಿ ಹೇಳಿದೆ.

"ಮೂರರಲ್ಲೂ ಆ ಮೇಷ್ಟ್ರ ಜೊತೆ ಯಾರೂ ಮಾತಾಡೇ ಇಲ್ವಲ್ಲ," ಎಂದ.

ಬುಧವಾರ

ಅಡುಗೆಮನೆಯ ಗೋಡೆಗಡಿಯಾರದ ಕೆಳಗೆ ನಿಂತು ಡಾಯ್ಲ್ ನಡೀನ್‌ಳ ಮುಂದೆ, ಹಾಳೆಗಳೊಂದಿಗೆ ಬಂದು ಕೂತಿದ್ದ ನನ್ನ ಮುಂದೆ, ಅಭ್ಯಾಸ ಮಾಡಿದ. "ನನ್ನ ಹೆಸರು ಡಾಯ್ಲ್ ಹಾರ್ಗೆಟ್. ಟ್ಯಾಲ್ಬರ್ಟಿನಲ್ಲಿ ಕ್ಲಿಪ್ ಹಾಕಿದ್ದು ನಾನು. ತಪ್ಪು ಅಂಚಿಗೆ ಹಾಕಿದೆ. ನೀವು ಚೆಂಡನ್ನ ಸರಿಯಾಗೇ ಇಟ್ಟಿದ್ರಿ. ನಿಮ್ಮ ಮಂಡಳಿ ಮುಂದೆ ಬಂದು ಹೇಳೋಕೆ ನಾನು ಸಿದ್ಧ." ಹನ್ನೊಂದು ಸೆಕೆಂಡು ಹಿಡಿಯಿತು. ಕಾರ್ವರ್ ಹಿಲ್‌ನವರು ಗೆರೆ ದಾಟಿದಾಗ ಉಳಿದಿದ್ದೂ ಅಷ್ಟೇ ಎಂದು ನಾನು ನೆನಪಿಸಹೋದೆ. ನಡೀನ್ ನನ್ನತ್ತ ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

ರೇಡಿಯೋದವನು ಓದಿದ್ದ ನಂಬರಿಗೇ ಡಾಯ್ಲ್ ಫೋನ್ ಮಾಡಿದ. ಬೇರೆ ನಂಬರು ಊರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ನಾಲ್ಕು ಸಲ ರಿಂಗಾಯಿತು. ಆಮೇಲೆ ಯಂತ್ರದ ಹೆಂಗಸಿನ ದನಿ: ನೀವು ಕರೆ ಮಾಡಿದವರ ಸಂದೇಶದ ಪೆಟ್ಟಿಗೆ ತುಂಬಿದೆ. ಹೊಸ ಸಂದೇಶಕ್ಕೆ ಜಾಗವಿಲ್ಲ. ನಮಸ್ಕಾರ.

ಡಾಯ್ಲ್ ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದ.

"ತುಂಬಿದೆಯಂತೆ."

ಯಾರು ತುಂಬಿದರು ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಕೋಯ್ ಇದ್ದಾನೆ ಅದರಲ್ಲಿ, ಕೋಯ್‌ನ ಗೆಳೆಯರಿದ್ದಾರೆ, ನನ್ನ ಹಲ್ಲಿನ ಡಾಕ್ಟರಿದ್ದಾರೆ, ಭಾನುವಾರದ ಗಾಯಕವೃಂದದ ಮುಂದಿನ ಸಾಲು ಪೂರ್ತಿ ಇದೆ.

ಸರಿ. ಹೇಳಿಬಿಡುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೂ ಆ ನಂಬರು ಒತ್ತಿದೆ. ಬೀಪ್ ಆದ ಮೇಲೆ, ನಾಲ್ಕು ಪುಸ್ತಕ ಬರೆದ ಮನುಷ್ಯ, ನೆಟ್ಟಗೆ ಕೂತು, ದನಿ ಸರಿಮಾಡಿಕೊಂಡು, ನಿನಗೆ ಎರಡು ಕಣ್ಣುಗಳಿವೆ, ಎರಡೂ ಮಾರಾಟವಾಗಿವೆ ಎಂದೆ. ಆಮೇಲೆ ಇನ್ನೂ ಹೇಳಿದೆ. ವಾಕ್ಯ ಚೆನ್ನಾಗಿ ಬಂತು ಅನಿಸಿದ್ದರಿಂದ ಫೋನಿಟ್ಟ ಮೇಲೆ ಅದನ್ನು ಕಥೆಗೂ ಬರೆದುಕೊಂಡೆ.

ಇದನ್ನು ಡಾಯ್ಲ್‌ಗೆ ಹೇಳಿದೆ. ಅವನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

"ನಿಮ್ಮದು ಎಷ್ಟು ಹೊತ್ತಿಂದು?"

"ನಲವತ್ತು ಸೆಕೆಂಡು ಇರಬಹುದು."

"ನನಗೆ ಹನ್ನೊಂದು ಸಾಕಿತ್ತು."

ಇಲ್ಲಿಗೆ ನಿಲ್ಲಿಸೋಣ ಎಂದು ಹಾಳೆಗಳನ್ನು ಜೋಡಿಸತೊಡಗಿದೆ. ಓದುಗರೇ, ನಿಲ್ಲಿಸಲು ಇದು ಒಳ್ಳೆಯ ಜಾಗ, ನಿಮಗೂ ಗೊತ್ತು. ಡಾಯ್ಲ್ ಕೈ ಚಾಚಿ ಮೇಲಿನ ಹಾಳೆಯ ಮೇಲೆ ಅಂಗೈ ಊರಿದ. ಚೆಂಡು ಎಲ್ಲಿದೆಯೋ ಅಲ್ಲೇ ಇರಲಿ ಎಂದು ರೆಫ್ರಿಗಳು ಊರುವಂತೆ.

"ಮುಗಿಸ್ಬೇಡಿ. ನಾನಿನ್ನೂ ಮಾತೇ ಆಡಿಲ್ಲ. ಸಭೆ ಇರೋದು ನಾಳೆ ಸಾಯಂಕಾಲ, ಜಾರ್ಜಿಯಾ ನಾಲ್ಕು ಗಂಟೆ ದಾರಿ. ಅಷ್ಟರೊಳಗೆ ಅಲ್ಲಿ ಯಾರಾದ್ರೂ ಒಂದು ಬೈಗುಳ ಅಳಿಸಿದ್ರೆ ಫೋನು, ಇಲ್ದಿದ್ರೆ ಕಾರು. ನೀವೂ ಬರ್ತೀರಿ."

"ನಾನ್ಯಾಕೆ?"

"ನಿಮ್ಮ ನಲವತ್ತು ಸೆಕೆಂಡನ್ನ ನಾನು ಹೇಳೋಕಾಗುತ್ತಾ?"

ನಡೀನ್ ಆ ಪ್ಯಾಂಟನ್ನು ತಂದು ಕುರ್ಚಿಯ ಬೆನ್ನಿಗೆ ಹಾಕಿದಳು. ನಾಳೆ ಅವನು ತೊಡಬೇಕಾದ್ದು ಅದನ್ನೇ. ಡಾಯ್ಲ್ ಮತ್ತೆ ನಂಬರು ಒತ್ತಿದ. ರಿಂಗಾಗುತ್ತಿದೆ.